ಕೆಲಸದ ಮೇಜಿಗೆ ಗೂಟದ ರಂಧ್ರಗಳು

ಮನೆಯಲ್ಲಿಯೇ ಮರಗೆಲಸ ಮಾಡಿಕೊಳ್ಳಬೇಕೆಂಬ ಆಸಕ್ತಿಯು ಈಚೆಗೆ ನಮ್ಮ ಪದ್ಮನಾಭನಗರದ ಗೃಹಸ್ಥರಲ್ಲಿ ಅಲ್ಲಲ್ಲಿ ತೋರಿಬರುತ್ತಿರುವುದು ಸಂತೋಷದ ವಿಷಯವು. ಉದ್ಯೋಗದಿಂದ ನಿವೃತ್ತರಾದವರು ಮೈಸೂರು ರಸ್ತೆಯ ಮರದ ಡಿಪೋಗಳಿಂದ ಹಲಗೆ ತೊಲೆಗಳನ್ನು ತರಿಸಿ, ತಾರಸಿಯ ಮಾಡಿನ ಕೆಳಗೆ ಒಂದು ಗಟ್ಟಿ ಮೇಜನ್ನು ಜೋಡಿಸಿಕೊಳ್ಳುತ್ತಾರೆ. ಆದರೆ ಅದರ ಮೇಲಿಟ್ಟ ಹಲಗೆಯು ಉಜ್ಜುಗೊರಡಿನ ಮೊದಲನೆಯ ನೂಕಿಗೇ ಜಾರಿಹೋಗುತ್ತದೆ. ಆಗ ಎಡಗೈಯಿಂದ ಹಲಗೆಯನ್ನು ಅದುಮಿ ಹಿಡಿದು ಬಲಗೈಯಿಂದ ಉಳಿಯನ್ನು ನೂಕುವ ಸಾಹಸಕ್ಕೆ ತೊಡಗುವರು. ಉಳಿಯು ತಪ್ಪಿದರೆ ಹೋಗಿ ನಾಟುವುದು ಆ ಎಡಗೈಗೇ. ಅರುವತ್ತು ದಾಟಿದ ಶರೀರದಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯುಳ್ಳವರಲ್ಲಿ, ಅಂತಹ ಗಾಯವು ಬೇಗನೆ ಮಾಯುವುದಿಲ್ಲ.

ನಮ್ಮ ಹಳೆಯ ಬಡಗಿಗಳಿಗೆ ಈ ತೊಡಕಿರಲಿಲ್ಲ. ಅವರು ನೆಲದ ಮೇಲೆ ಕುಳಿತು ಅಂಗಾಲು ಹೆಬ್ಬೆರಳುಗಳಿಂದಲೇ ಮರವನ್ನು ಹಿಡಿಯುತ್ತಿದ್ದರು. ಕಾಲೇ ಅವರಿಗೆ ಮೂರನೆಯ ಕೈ. ಬಾಲ್ಯದಿಂದ ಸಾಧಿಸಿದ ಆ ವಿದ್ಯೆಯು ನಮ್ಮಂತಹವರಿಗೆ ಈಗ ಬರುವುದಲ್ಲ, ಮಂಡಿಗಳೂ ಒಪ್ಪುವುದಿಲ್ಲ. ನಿಂತು ಕೆಲಸ ಮಾಡುವವರಿಗೆ ಕಾಲಿನ ಬದಲು ಮೇಜೇ ಮರವನ್ನು ಹಿಡಿಯಬೇಕು. ಈ ಉಪಾಯವು ಬಹಳ ಪುರಾತನವಾದುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ತುತ್ತಾದ ಹರ್ಕ್ಯುಲೇನಿಯಂ ಪಟ್ಟಣದ ಒಂದು ಭಿತ್ತಿಚಿತ್ರದಲ್ಲಿಯೇ ಮೇಜಿನ ರಂಧ್ರಕ್ಕೆ ಇಳಿಬಿಟ್ಟ ಬಾಗಿದ ಹಿಡಿಕೆಯು ಕಾಣುತ್ತದೆ. ಫ್ರಾನ್ಸಿನ ರೂಬೋ ಎಂಬ ಬಡಗಿಯು 1769ರಿಂದ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇಂತಹ ಮೇಜಿನ ಚಿತ್ರವನ್ನು ವಿವರವಾಗಿ ಕೊಟ್ಟಿರುವನು.

ಈ ರಂಧ್ರಗಳಲ್ಲಿ ನಿಲ್ಲಿಸುವ ಗೂಟಕ್ಕೆ ಆಂಗ್ಲರು ‘ಡಾಗ್’, ಅಂದರೆ ನಾಯಿ, ಎನ್ನುತ್ತಾರೆ. ವೀಣೆಯ ತಂತಿಗಳನ್ನು ಹೊರುವುದನ್ನು ನಾವು ‘ಕುದುರೆ’ ಎನ್ನುವುದಿಲ್ಲವೆ? ಕಚ್ಚಿ ಹಿಡಿಯುವುದು ನಾಯಿಯಾದರೆ ತಪ್ಪೇನು? ಸಂಸ್ಕೃತದ ‘ಕೀಲ’ವೂ ಸಲ್ಲುತ್ತದೆ, ಪಂಚತಂತ್ರದ ಕಪಿಯು ಕಿತ್ತು ಪ್ರಾಣ ಕಳೆದುಕೊಂಡ ಕೀಲವು ಮಾತ್ರ ಮರವನ್ನು ಸೀಳುವ ಬೆಣೆ, ಇದು ಮರವನ್ನು ನಿಲ್ಲಿಸುವ ಗೂಟ.

ಕೊರೆಯುವುದಕ್ಕೆ ಮೊದಲು ಯೋಚಿಸತಕ್ಕದ್ದೇ ಹೆಚ್ಚು, ಏಕೆಂದರೆ ಕೊರೆದ ರಂಧ್ರವನ್ನು ಅಳಿಸಲಾಗದು. ಮುಕ್ಕಾಲು ಅಂಗುಲದ (19 ಮಿಲಿಮೀಟರ್) ರಂಧ್ರವು ವಾಡಿಕೆಯಲ್ಲಿದೆ. 20 ಮಿಲಿಮೀಟರಿನದೂ ಉಂಟು. ಕಬ್ಬಿಣದ ಹಿಡಿಕೆಯನ್ನು ಮೊದಲು ಕೊಂಡು, ಅದಕ್ಕೆ ಒಪ್ಪುವ ಬೈರಿಗೆಯ ಅಲಗನ್ನು ಆಮೇಲೆ ಕೊಳ್ಳುವುದು ಜಾಣತನ. ಈ ಹಿಡಿಕೆಯ ನೆತ್ತಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಅದರ ಕಾಲು ರಂಧ್ರದೊಳಗೆ ಓರೆಯಾಗಿ ಸಿಕ್ಕಿಕೊಂಡು ಹಲಗೆಯನ್ನು ಅದುಮುತ್ತದೆ. ಹಿಂಬದಿಗೆ ಇನ್ನೊಂದು ಏಟು ಕೊಟ್ಟರೆ ಸಡಿಲುತ್ತದೆ. ಮೇಜಿನ ಮೈ ತೆಳ್ಳಗಿದ್ದರೆ ಈ ಬಿಗಿ ದೊರೆಯದು. ಒಂದೇ ಪ್ಲೈವುಡ್ ಹಾಳೆಯ ಮೇಜಾದರೆ ಮೂರು ಹಾಳೆಗಳನ್ನು ಅಂಟಿಸಿ ಎರಡು ಅಂಗುಲಕ್ಕೆ ಮೇಲ್ಪಟ್ಟ ದಪ್ಪ ಮಾಡಿಕೊಳ್ಳತಕ್ಕದ್ದು.

ಮೇಜಿಗೆ ವೈಸ್ ಇದ್ದರೆ ಅದರ ಗೂಟದ ನೇರಕ್ಕೇ ರಂಧ್ರಗಳ ಸಾಲು ಬರಬೇಕು. ಇಲ್ಲವಾದರೆ ಬಿಗಿದಾಗ ಹಲಗೆಯು ತಿರುಚಿಕೊಳ್ಳುವುದು. ರಂಧ್ರ ರಂಧ್ರಗಳ ನಡುವಣ ಅಂತರವು ವೈಸಿನ ಬಾಯಿ ತೆರೆಯುವ ಅಳತೆಗಿಂತ ಕಡಮೆಯಿರಬೇಕು. ಸಾಮಾನ್ಯವಾಗಿ ನಾಲ್ಕು ಅಂಗುಲ ಸಾಕು. ಗುರುತು ಹಾಕಿದ ಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿರಿ: ಅಲ್ಲಿ ಕಾಲಾಗಲಿ, ಅಡ್ಡಪಟ್ಟಿಯಾಗಲಿ, ತಿರುಪುಮೊಳೆಯಾಗಲಿ ಇರಕೂಡದು. ಮೇಜಿನ ತುಂಬ ಜರಡಿಯಂತೆ ಕೊರೆಯುವ ಷೋಕಿ ನಮಗೆ ಹಿಡಿಸದು. ಮೊದಲು ಒಂದು ಸಾಲು ಮಾಡಿ, ಕೆಲಸವು ಕೇಳಿದಾಗ ಇನ್ನೊಂದನ್ನು ಕೊರೆದರಾಯಿತು.

ರಂಧ್ರವು ನೆಟ್ಟಗಿರುವುದೇ ಮುಖ್ಯ. ಓರೆಯಾದರೆ ಗೂಟವು ವಾಲಿ ನಿಲ್ಲುತ್ತದೆ. ಗಟ್ಟಿಮರದ ಒಂದು ದಪ್ಪ ತುಂಡಿಗೆ ಕಾರ್ಖಾನೆಯ ನಿಲುವು ಡ್ರಿಲ್ಲಿನಲ್ಲಿ ನೇರವಾಗಿ ತೂತು ಹೊಡೆಸಿಕೊಂಡು ಬಂದು, ಅದನ್ನು ಗುರುತಿನ ಮೇಲೆ ಕ್ಲಾಂಪಿನಿಂದ ಬಿಗಿದು, ಅದರೊಳಗಿನಿಂದಲೇ ಕೊರೆದರೆ ಅಲಗು ದಾರಿ ತಪ್ಪದು. ಅದಿಲ್ಲದವರು ಎರಡು ಮೂಲೆಮಟ್ಟಗಳನ್ನು ಬೈರಿಗೆಯ ಎರಡು ಪಕ್ಕಗಳಲ್ಲಿ ನಿಲ್ಲಿಸಿ ನೋಡುತ್ತ ಕೊರೆಯಬಹುದು. ವಿದ್ಯುತ್ತಿನ ಡ್ರಿಲ್ಲಾದರೆ ವೇಗವನ್ನು ತಗ್ಗಿಸಿ, ಪಕ್ಕದ ಹಿಡಿಯನ್ನೂ ಹಿಡಿಯತಕ್ಕದ್ದು. ದಪ್ಪ ಅಲಗು ಸಿಕ್ಕಿಕೊಂಡರೆ ಯಂತ್ರವೇ ತಿರುಗಿ ಮಣಿಕಟ್ಟನ್ನು ತಿರುಚುವುದುಂಟು. ಆಗಾಗ ಅಲಗನ್ನು ಮೇಲಕ್ಕೆತ್ತಿ ಹೊಟ್ಟನ್ನು ಕೊಡವಿರಿ. ತುದಿಯು ಕೆಳಗೆ ಇಣುಕಿದೊಡನೆ ನಿಲ್ಲಿಸಿ, ಆ ಚುಕ್ಕೆಯಿಂದಲೇ ಕೆಳಗಿನಿಂದ ಕೊರೆದು ಮುಗಿಸಿದರೆ ಅಡಿಭಾಗವು ಸಿಬಿರೇಳುವುದಿಲ್ಲ. ಕಡೆಗೆ ಅಂಚನ್ನು ಸ್ವಲ್ಪ ಸವರಿ ಇಳಿಜಾರು ಮಾಡಿರಿ.

ಗೂಟಗಳು ಮರದವೇ ಲೇಸು. ಕಬ್ಬಿಣದ ಗೂಟಕ್ಕೆ ಉಜ್ಜುಗೊರಡಿನ ಅಲಗು ತಗುಲಿದರೆ ಬಾಯಿ ಹೋಗುತ್ತದೆ. ಮಳೆಗಾಲದಲ್ಲಿ ಮರವು ಎಳೆಯ ಅಡ್ಡಕ್ಕೆ ಉಬ್ಬುವುದೇ ಹೊರತು ಉದ್ದಕ್ಕಲ್ಲ. ಆದಕಾರಣ ಗುಂಡಾದ ಗೂಟವೂ ರಂಧ್ರವೂ ಸ್ವಲ್ಪ ಅಂಡಾಕಾರಕ್ಕೆ ತಿರುಗಿ ಬಿಗಿಯಾಗುತ್ತವೆ. ಗೂಟವನ್ನು ತುಸು ಸಡಿಲವಾಗಿ ಹೆರೆದು, ಪಕ್ಕದಲ್ಲಿ ಬಿದಿರಿನ ತೆಳುವಾದ ಸೀಳೊಂದನ್ನು ಬಿಲ್ಲಿನಂತೆ ಕೂರಿಸಿದರೆ, ಆಷಾಢದಲ್ಲಿಯೂ ಕೈಗೆ ಬರುತ್ತದೆ, ಚೈತ್ರದಲ್ಲಿಯೂ ಕೆಳಕ್ಕೆ ಜಾರುವುದಿಲ್ಲ.