ಲಾರಿ ಓಡಿಸ್ತೀನಿ ಅಂದ ಹುಡುಗನಿಗೆ ಏನು ಹೇಳೋದು?

ಹೋದ ತಿಂಗಳು ಇಲ್ಲೇ ಪುಣೆಯಲ್ಲಿರೋ ನಮ್ಮಕ್ಕನ ಮಗ, 19 ವರ್ಷ, "ಮಾಮಾ, ನಾನು ಲಾರಿ ಡ್ರೈವರ್ ಆಗ್ತೀನಿ" ಅಂದ. ಅಕ್ಕ ನನ್ನ ಮುಖ ನೋಡಿದ್ಳು, ನಾನೇ ಬೈಯಬೇಕು ಅನ್ನೋ ಹಾಗೆ. ಬೈಯಲಿಲ್ಲ, ವಿಚಾರಿಸಿ ಹೇಳ್ತೀನಿ ಅಂದೆ. ವಿಚಾರಿಸಿದ್ದು ಇದು.

ಲೈಸೆನ್ಸ್ ವಿಷಯ ಸುಲಭ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸರಕು ವಾಹನ ಓಡಿಸೋಕೆ 20 ವರ್ಷ ತುಂಬಿರಬೇಕು. ದೊಡ್ಡ ಲಾರಿಯ ಕಲಿಕಾ ಲೈಸೆನ್ಸಿಗೆ ಮುಂಚೆ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮ 2019ರಲ್ಲೇ ಹೋಯ್ತು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ ಕಾರಿನ ಲೈಸೆನ್ಸೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ 20 ತುಂಬಿದ ಮೇಲೆ ಸಣ್ಣ ಟೆಂಪೋದಿಂದ ಶುರು ಮಾಡಬಹುದು.

ಕಷ್ಟ ಇರೋದು ದುಡ್ಡಿನ ಲೆಕ್ಕದಲ್ಲಿ. ಎಷ್ಟೋ ಕಡೆ ಸಂಬಳ ಕಡಿಮೆ, ಉಳಿದದ್ದು ಟ್ರಿಪ್ ಭತ್ಯೆ. ಡೀಸೆಲ್, ಊಟ, ದಾರಿ ಖರ್ಚಿಗೆ ಅಂತ ಮಾಲೀಕ ಒಟ್ಟಿಗೆ ಒಂದು ಮೊತ್ತ ಕೊಡ್ತಾನೆ, ಉಳಿಸಿದ್ದು ಡ್ರೈವರಿಗೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆ ಕಡೆ ಇಳಿಯೋ ರಸ್ತೆ ನೆನಪು ಮಾಡ್ಕೊಳ್ಳಿ. ಡೀಸೆಲ್ ಉಳಿಸೋಕೆ ಅಂತ ಕೆಲವರು ಅಲ್ಲಿ ಗಾಡಿನ ನ್ಯೂಟ್ರಲ್‌ಗೆ ಹಾಕ್ತಾರೆ. ಗೇರ್ ತೆಗೆದ ಕೂಡಲೇ ಎಂಜಿನ್ ಹಿಡಿತ ಹೋಯ್ತು, ಅಷ್ಟು ಟನ್ ಭಾರ ಪೂರ್ತಿ ಬ್ರೇಕಿನ ಮೇಲೆ. ಬ್ರೇಕ್ ಒತ್ತಿ ಒತ್ತಿ ಡ್ರಮ್ ಕಾಯುತ್ತೆ, ಕಾದ ಬ್ರೇಕ್ ಹಿಡಿಯಲ್ಲ. ತಮಾಷೆ ಏನಂದ್ರೆ, ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಲ್ಲಿ ಡೀಸೆಲ್ ಪೂರೈಕೆಯೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲೇ ಎಂಜಿನ್ ಉರಿಯೋಕೆ ಡೀಸೆಲ್ ಬೇಕು. ಉಳಿಯೋದು ಏನೂ ಇಲ್ಲ! ಸೀನಿಯರ್ ಹೇಳಿಕೊಟ್ಟ ಅಂತ ಮಾಡ್ತಾರೆ ಅಷ್ಟೇ. ನಮ್ಮ ಆಫೀಸಲ್ಲೂ ಹಳೇ ಕೋಡ್ ಹೀಗೇ ಉಳಿಯೋದು.

ಇನ್ನು ನಿದ್ದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಆದ್ರೆ ಅದು ಅನ್ವಯಿಸ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆ. ನಮ್ಮಲ್ಲಿ ಒಂದೆರಡು ಲಾರಿ ಇಟ್ಕೊಂಡ ಮಾಲೀಕರೇ ಜಾಸ್ತಿ. ಮುಂಚೆ ಜೊತೆಗೆ ಕ್ಲೀನರ್ ಇರ್ತಿದ್ದ, ಮಾತಾಡಿಸಿ ಎಚ್ಚರ ಇಡ್ತಿದ್ದ, ಹಾಗೇ ಡ್ರೈವಿಂಗೂ ಕಲೀತಿದ್ದ. ಈಗ ಎಷ್ಟೋ ಗಾಡಿಗಳಲ್ಲಿ ಒಬ್ಬನೇ. 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯ ಅಂತ ನಿಯಮ ಬಂದಿದೆ, ಒಳ್ಳೇದೇ. ಆದ್ರೆ ತಂಪು ಗಾಳಿ ನಿದ್ದೆಗೆ ಬದಲಿ ಅಲ್ಲ.

ಅವನಿಗೆ ಬೇಡ ಅನ್ನಲಿಲ್ಲ. ಮೊದಲು ಒಂದು ವರ್ಷ ಸಣ್ಣ ಗಾಡಿ, ಸಂಜೆ ಮನೆಗೆ ಬರೋ ರೂಟು. ಆಮೇಲೆ ದೊಡ್ಡ ಲಾರಿಗೆ ಹೋಗುವಾಗ ಮಾಲೀಕನನ್ನ ಮೂರು ಪ್ರಶ್ನೆ ಕೇಳು ಅಂದೆ: ಡೀಸೆಲ್ ಖರ್ಚು ಯಾರ ಲೆಕ್ಕ, ಎರಡನೇ ಡ್ರೈವರ್ ಇದ್ದಾನಾ, ಲೇಟಾದ್ರೆ ದಂಡ ಯಾರು ಕಟ್ಟೋದು. ಅಕ್ಕ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಅವನು ಬರೋ ಮಾರ್ಚ್‌ನಲ್ಲಿ 20 ಮುಗಿಸ್ತಾನೆ.