ನೆಲದಡಿಯ ಬೇಲಂ

ಈ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಯೋಚಿಸುತ್ತಿದ್ದೀರಾ? ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಬೇಲಂ ಗುಹೆಗಳನ್ನು ತೋರಿಸಿ. ಮೇಲಿನಿಂದ ನೋಡಿದರೆ ಬಯಲಿನಲ್ಲಿ ಬಾವಿಯಂತಹ ಒಂದು ಗುಂಡಿ, ಅಷ್ಟೇ. ಮೆಟ್ಟಿಲಿಳಿದರೆ 3,229 ಮೀಟರ್ ಉದ್ದದ ಗುಹೆ! ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ ನಮಗೆ ನೋಡಲು ಸಿಗುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಇದನ್ನು ದಾಖಲಿಸಿದ್ದರೂ ಪ್ರವಾಸಿಗರಿಗೆ ತೆರೆದದ್ದು 2002ರಲ್ಲಿ. ಅದಕ್ಕೂ ಮೊದಲು ಇಲ್ಲಿ ಕಸ ಸುರಿಯುತ್ತಿದ್ದರಂತೆ!

ಒಳಗೆ ತಂಪಾಗಿರುತ್ತದೆಂದು ಭಾವಿಸಬೇಡಿ. ಸೆಕೆಗೆ ಬಟ್ಟೆ ತೊಯ್ದುಹೋಗುತ್ತದೆ. ಹತ್ತಿಯ ಉಡುಪು, ಜಾರದ ಚಪ್ಪಲಿ ಇರಲಿ. ಕೆಲವೆಡೆ ಬಗ್ಗಿ ನಡೆಯಬೇಕು. ಉಬ್ಬಸವಿರುವ ಹಿರಿಯರು ಮೇಲೆಯೇ ಕುಳಿತರೆ ಒಳ್ಳೆಯದು.

ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಬಂದ ನೀರು ಹನಿಹನಿಯಾಗಿ ತೊಟ್ಟಿಕ್ಕುವಾಗ ಸುಣ್ಣವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಮೇಲಿನಿಂದ ಆಲದ ಬಿಳಲಿನಂತೆ ಇಳಿಬಿದ್ದಿರುವ ಕಲ್ಲುಗಳು ಬೆಳೆದದ್ದು ಹೀಗೆಯೇ. ಬೆರಳುದ್ದ ಬೆಳೆಯಲು ನೂರಾರು ವರ್ಷಗಳೇ ಬೇಕು. ಕೈಯ ಎಣ್ಣೆ, ಬೆವರು ಅಂಟಿದ ಕಡೆ ಹೊಸ ಸುಣ್ಣ ಸರಿಯಾಗಿ ಹಿಡಿಯದೆ ಬೆಳವಣಿಗೆ ಕುಂಠಿತವಾಗುತ್ತದೆ. ತಟ್ಟಿದರೆ ನಾದ ಹೊಮ್ಮುವ ಕಲ್ಲುಗಳೂ ಇಲ್ಲಿವೆ. ಮಕ್ಕಳ ಕೈ ಮೊದಲು ಹೋಗುವುದೇ ಅಲ್ಲಿಗೆ! ಆದ್ದರಿಂದ ಮೆಟ್ಟಿಲಿಳಿಯುವ ಮೊದಲೇ ಅವರಿಗೆ ಇದನ್ನು ವಿವರಿಸಿಬಿಡಿ. ತೀರಾ ತುಂಟರಾದರೆ ಅವರ ಕೈ ನಿಮ್ಮ ಕೈಯಲ್ಲಿರಲಿ.

ಸುಸ್ತಾಯಿತೆಂದು ಅರ್ಧದಲ್ಲೇ ಮರಳಬೇಡಿ. ಗುಹೆಯ ಅತ್ಯಂತ ಆಳದಲ್ಲಿ, ನೆಲಮಟ್ಟದಿಂದ 46 ಮೀಟರ್ ಕೆಳಗೆ, ಪಾತಾಳಗಂಗೆಯಿದೆ. ಅಲ್ಲಿ ನೀರು ಹರಿದುಬಂದು ಕಲ್ಲಿನೊಳಗೆ ಕಾಣೆಯಾಗುತ್ತದೆ.