ಗದರಿಕೆ ಸೋತಲ್ಲಿ ಗೆದ್ದ ಮಾತು

ಕಾರ್ಟೂನ್ ಎಂದರೆ ಮಕ್ಕಳ ಸಮಯ ಹಾಳು ಮಾಡುವ ವಸ್ತು ಎಂಬುದೇ ಹೆಚ್ಚಿನ ಹೆತ್ತವರ ಅಭಿಪ್ರಾಯ. ಅದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಮಗು ನೋಡಿ ನಗುತ್ತಿರುವುದು ಏನನ್ನು ಎಂದು ನೀವು ಎಂದಾದರೂ ಪಕ್ಕದಲ್ಲಿ ಕುಳಿತು ನೋಡಿದ್ದೀರಾ? ಕೆಲವೊಮ್ಮೆ ಅದರಲ್ಲಿ ಮಗುವಿಗಿಂತ ಹೆತ್ತವರಿಗೇ ಹೆಚ್ಚಿನ ಪಾಠವಿರುತ್ತದೆ.

‘ಸ್ಪಾಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್’ ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ಹಾಸ್ಯ ಧಾರಾವಾಹಿ. ಅದನ್ನು ರೂಪಿಸಿದ ಸ್ಟೀಫನ್ ಹಿಲೆನ್‌ಬರ್ಗ್ ಮೊದಲು ಕಡಲ ಜೀವಿಗಳ ಬಗ್ಗೆ ಪಾಠ ಹೇಳುವ ಶಿಕ್ಷಕರಾಗಿದ್ದರು. ಹಾಗಾಗಿ ಕಥೆ ನಡೆಯುವುದೂ ಸಮುದ್ರದಡಿಯ ಒಂದು ಪಟ್ಟಣದಲ್ಲಿ. 2001ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ‘ಬ್ಯಾಂಡ್ ಗೀಕ್ಸ್’ ಅದರ ಅತ್ಯಂತ ಜನಪ್ರಿಯ ಕಂತುಗಳಲ್ಲೊಂದು.

ಸ್ಕ್ವಿಡ್‌ವರ್ಡ್ ಹೋಟೆಲೊಂದರ ಕ್ಯಾಷಿಯರ್. ಕ್ಲಾರಿನೆಟ್ ಎಂದರೆ ಅವನಿಗೆ ಪ್ರಾಣ. ಒಂದು ದಿನ ಹಳೆಯ ಸಹಪಾಠಿ ಸ್ಕ್ವಿಲಿಯಂ ಫೋನ್ ಮಾಡಿ, ಗಲ್ಲಾಪೆಟ್ಟಿಗೆಯ ಕೆಲಸವನ್ನು ಹಂಗಿಸುತ್ತಾನೆ. ಆತ ಈಗ ಭಾರೀ ಶ್ರೀಮಂತ. ದೊಡ್ಡ ಕ್ರೀಡಾಂಗಣವೊಂದರಲ್ಲಿ ತನ್ನ ಬದಲಿಗೆ ನಿನ್ನ ಬ್ಯಾಂಡ್ ನುಡಿಸಲಿ ಎಂದು ಬೇಕೆಂದೇ ಕೆಣಕುತ್ತಾನೆ. ಸ್ಕ್ವಿಡ್‌ವರ್ಡ್‌ಗೆ ಬ್ಯಾಂಡೇ ಇಲ್ಲ! ಆದರೂ ಅವಮಾನ ತಾಳಲಾರದೆ ಒಪ್ಪಿಕೊಳ್ಳುತ್ತಾನೆ.

ಉಚಿತ ತಿಂಡಿಯ ಆಸೆ ತೋರಿಸಿ ಊರವರನ್ನು ಸೇರಿಸುತ್ತಾನೆ. ಯಾರಿಗೂ ನುಡಿಸಲು ಬಾರದು. ಜೋರಾಗಿ ನುಡಿಸಿದರೆ ಜನ ನಮ್ಮನ್ನು ನಿಪುಣರೆಂದು ತಿಳಿದಾರು ಎಂಬುದು ಅವನ ಉಪಾಯ. ಆ ಅಬ್ಬರಕ್ಕೆ ಕಿಟಕಿ ಗಾಜುಗಳೇ ಒಡೆಯುತ್ತವೆ. ಕೊನೆಗೆ ಎಲ್ಲರೂ ಪರಸ್ಪರ ಹೊಡೆದಾಡಿಕೊಳ್ಳುತ್ತಾರೆ. ಸ್ಕ್ವಿಡ್‌ವರ್ಡ್ ಸೋತ ಮುಖ ಹೊತ್ತು ಹೊರಟುಹೋಗುತ್ತಾನೆ.

ಆಗ ಎದ್ದು ನಿಲ್ಲುವವನು ಸ್ಪಾಂಜ್‌ಬಾಬ್. ಸ್ಕ್ವಿಡ್‌ವರ್ಡ್ ದಿನವೂ ಮೂದಲಿಸುವ ಅದೇ ನೆರೆಮನೆಯವ! ಕಷ್ಟದಲ್ಲಿ ನಮ್ಮನ್ನು ನಂಬಿ ಬಂದವನನ್ನು ನಾವು ಕೈಬಿಟ್ಟೆವು ಎಂದು ಅವನು ಎಲ್ಲರನ್ನೂ ಎಚ್ಚರಿಸುತ್ತಾನೆ. ನಿಮ್ಮ ಮಗು ಬೆಂಕಿಯಲ್ಲಿ ಸಿಲುಕಿದಾಗ ಕಾಪಾಡಿದವರು ಯಾರು ಎಂದು ಒಬ್ಬಾಕೆಯನ್ನು ಕೇಳಿದರೆ, ಅಗ್ನಿಶಾಮಕ ದಳದವರು ಎಂಬ ಉತ್ತರ ಬರುತ್ತದೆ. ಹಾಗಾದರೆ ಸ್ಕ್ವಿಡ್‌ವರ್ಡ್‌ನನ್ನೇ ಅವರೆಂದು ಭಾವಿಸಿಕೊಳ್ಳೋಣ ಎನ್ನುತ್ತಾನೆ! ಮಾತು ನಗೆ ತರಿಸುತ್ತದೆ, ಆದರೆ ಜನ ಒಂದಾಗುತ್ತಾರೆ. ಇತ್ತ ಸ್ಕ್ವಿಡ್‌ವರ್ಡ್ ತನ್ನ ಬ್ಯಾಂಡಿನವರೆಲ್ಲ ಸತ್ತರೆಂದು ಸುಳ್ಳು ಹೇಳುತ್ತಿರುವಾಗಲೇ ಅವರೆಲ್ಲ ಬಂದು ನಿಲ್ಲುತ್ತಾರೆ. ಅದ್ಭುತವಾಗಿ ನುಡಿಸುತ್ತಾರೆ. ಸ್ಕ್ವಿಲಿಯಂ ಮೂರ್ಛೆ ಹೋಗುತ್ತಾನೆ.

ಹಿಲೆನ್‌ಬರ್ಗ್ 2018ರಲ್ಲಿ ತೀರಿಕೊಂಡಾಗ, ಅವರ ನೆನಪಿಗಾಗಿ ಈ ಕಂತಿನ ಹಾಡನ್ನು ಅಮೆರಿಕದ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ನುಡಿಸಬೇಕೆಂದು ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. 2019ರ ಪಂದ್ಯದಲ್ಲಿ ಕೆಲವು ಕ್ಷಣಗಳ ದೃಶ್ಯವಷ್ಟೇ ಬಂತು. ಬಾಲ್ಯದಲ್ಲಿ ಕಂಡ ಕಥೆ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ.

ಈಗ ನಮ್ಮ ಮನೆಯ ಕಡೆ ತಿರುಗೋಣ. “ಪಕ್ಕದ ಮನೆಯ ಹುಡುಗನನ್ನು ನೋಡು” ಎಂದು ನಾವು ಮಗನನ್ನು ಹಂಗಿಸುವಾಗ ಸ್ಕ್ವಿಲಿಯಂ ಆಗಿರುತ್ತೇವೆ. ಅವಮಾನದ ಭಯದಿಂದ ಮಗು ಕಲಿಯಲು ಹೊರಟರೆ ಅದಕ್ಕೆ ಕಲಿಕೆಗಿಂತ ತೋರಿಕೆಯೇ ಮುಖ್ಯವಾಗುತ್ತದೆ, ಕೊನೆಗೆ ಸುಳ್ಳೂ ಸಲೀಸಾಗುತ್ತದೆ. ಗದರುವವರು ಅದಕ್ಕೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಸೋತು ಬಂದ ದಿನ ಜೊತೆಗೆ ನಿಲ್ಲುವವರು ಮನೆಯಲ್ಲೇ ಇರಬೇಡವೇ?

ಮುಂದಿನ ಬಾರಿ ಟಿ.ವಿ. ಆರಿಸುವ ಮೊದಲು ಹನ್ನೊಂದು ನಿಮಿಷ ಮಗುವಿನ ಪಕ್ಕ ಕುಳಿತುಕೊಳ್ಳಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: “ನಿನ್ನನ್ನು ಹಂಗಿಸುವವನು ಸೋತರೆ ನೀನೇನು ಮಾಡುವೆ?” ಉತ್ತರವನ್ನು ತಿದ್ದಲು ಹೋಗಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ.